ಆರಗದ ಎಲೆ, ಕರಾವಳಿಯ ಅಡಿಕೆ: ಕಾಯಿಲೆ ಬರುವ ದಾರಿಗಳು

ಮಿರಜ್ ಜಂಕ್ಷನ್ನಿನಿಂದ ಪಂಢರಪುರದ ಕಡೆಗೆ ಹೋಗುವ ರೈಲು ದಾರಿಯಲ್ಲಿ ಆರಗ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಮಿರಜ್ ತಾಲೂಕಿನ ಊರು ಇದು. ಕಚೇರಿ ಭಾಷೆ ಮರಾಠಿ. ಆದರೆ ಬೆಳಗಾವಿ ಜಿಲ್ಲೆಯ ಕಾಗವಾಡ ಪಕ್ಕದಲ್ಲೇ ಇರುವುದರಿಂದ ಮಾತಿನಲ್ಲಿ ಕನ್ನಡವೂ ಉಂಟು. ಕರಾವಳಿಯವರಿಗೆ ಮಿರಜ್ ಅಂದರೆ ಮೀರಾ ಸಾಹೇಬ್ ದರ್ಗಾ ಗೊತ್ತು, ಸಂಗೀತ ಬಲ್ಲವರಿಗೆ ಅಲ್ಲಿನ ಸಿತಾರ್ ಗೊತ್ತು, ಹಳಬರಿಗೆ 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಶುರು ಮಾಡಿದ ಮಿಷನ್ ಆಸ್ಪತ್ರೆ ಗೊತ್ತು. ಆರಗದ ಹೆಸರು ಕೇಳಿದವರು ಕಡಿಮೆ.

ಆದರೂ ಈ ಊರಿಗೂ ದಕ್ಷಿಣ ಕನ್ನಡದ ಮನೆಗಳಿಗೂ ಒಂದು ನಂಟಿದೆ. ಆರಗ, ಬೇಡಗ, ಮಾಲಗಾಂವ್ ಈ ಕಡೆ ವೀಳ್ಯದೆಲೆ ತೋಟಗಳಿಗೆ ಹೆಸರಾದ ಊರುಗಳು. ಅಲ್ಲಿಂದ ನೈಋತ್ಯಕ್ಕೆ ಸಾಗಿದರೆ ನಿಪ್ಪಾಣಿ, ಬೀಡಿ ತಂಬಾಕಿನ ದೊಡ್ಡ ಪೇಟೆ. ಮಹಾರಾಷ್ಟ್ರ, ಗುಜರಾತಿನ ಪೇಟೆಗಳಿಗೆ ಹೋಗುವ ಚಾಲಿ ಅಡಿಕೆ ಕರಾವಳಿಯದ್ದು. ಎಲೆ, ತಂಬಾಕು, ಅಡಿಕೆ ಮೂರೂ ಕೊನೆಗೆ ಸೇರುವುದು ಬಾಯಿಯಲ್ಲಿ. ಕಾಯಿಲೆ ಬಂದಾಗ "ಹಣೆಬರಹ" ಅಂತ ಹೇಳಿ ಸುಮ್ಮನಾಗುವುದು ಸುಲಭ. ಆದರೆ ನೀರು, ಗಾಳಿ, ದುಡಿಮೆ, ಚಟ ಇವು ಕಾಯಿಲೆಯನ್ನು ಹೇಗೆ ತಂದು ಬಾಗಿಲಲ್ಲಿ ನಿಲ್ಲಿಸುತ್ತವೆ ಅನ್ನುವುದು ಈ ಗಡಿಭಾಗದಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ.

ಮೊದಲು ನೀರು. ಮಿರಜ್ ತಾಲೂಕಿನ ಪಶ್ಚಿಮಕ್ಕೆ ಕೃಷ್ಣಾ ನದಿ, ಪೂರ್ವಕ್ಕೆ ಮಳೆ ಕಡಿಮೆಯಾಗುವ ಒಣ ಸೀಮೆ. ಮ್ಹೈಸಾಳ ಏತ ನೀರಾವರಿ ಬಂದ ಮೇಲೆ ಈ ಒಣ ಭಾಗಕ್ಕೂ ನದಿ ನೀರು ಏರಿತು. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಕುಡಿಯುವ ನೀರು ಕೊಂಡೊಯ್ದ ರೈಲು ನೆನಪಿರಬಹುದು. ಹತ್ತು ವ್ಯಾಗನ್‌ಗಳಲ್ಲಿ ಐದು ಲಕ್ಷ ಲೀಟರ್ ಹೊತ್ತ ಆ ಮೊದಲ ರೈಲು ಮಿರಜ್‌ನಿಂದ ಹೊರಟು ಪಂಢರಪುರದ ಈ ಹಳಿಯ ಮೇಲೆಯೇ ಹೋಗಿತ್ತು. ಮೂರೇ ವರ್ಷ ಕಳೆದು 2019ರ ಆಗಸ್ಟ್‌ನಲ್ಲಿ ಅದೇ ಕೃಷ್ಣೆ ಸಾಂಗ್ಲಿ ಪೇಟೆಯನ್ನು ಮುಳುಗಿಸಿತು. 2021ರಲ್ಲಿ ಮತ್ತೆ ನೆರೆ. ನೀರು ಕಡಿಮೆಯಾದಾಗ ಜನ ಸಿಕ್ಕಿದ್ದನ್ನು ಕುಡಿಯುತ್ತಾರೆ, ಕೈ ತೊಳೆಯುವುದರಲ್ಲಿ ಕಂಜೂಸ್ ಮಾಡುತ್ತಾರೆ. ಭೇದಿ, ಟೈಫಾಯ್ಡ್, ಕಾಮಾಲೆ ಬರುತ್ತದೆ. ನೀರು ಹೆಚ್ಚಾದಾಗ ಚರಂಡಿ ಬಾವಿಗೆ ಇಳಿಯುತ್ತದೆ, ಇಲಿ ಮೂತ್ರ ಬೆರೆತ ಕೆಸರಿನಲ್ಲಿ ಬರಿಗಾಲಲ್ಲಿ ನಡೆದವರಿಗೆ ಇಲಿಜ್ವರ. ಇದು ಕರಾವಳಿಯವರಿಗೆ ಹೊಸತಲ್ಲ. ಮಂಗಳೂರಿನಲ್ಲಿ ಕಟ್ಟಡ ಕಾಮಗಾರಿ ಏರಿದ ಹಾಗೆಯೇ ಮಲೇರಿಯಾ ಏರಿದ್ದನ್ನು ಒಂದು ತಲೆಮಾರೇ ನೋಡಿದೆ. ತಾರಸಿಯಲ್ಲಿ ಕ್ಯೂರಿಂಗಿಗೆ ಕಟ್ಟಿ ನಿಲ್ಲಿಸಿದ ನೀರೇ ಸೊಳ್ಳೆಗೆ ತೊಟ್ಟಿಲು.

ಭೇದಿಯಾದಾಗ ಮನೆಯಲ್ಲೇ ಮಾಡಬೇಕಾದ ಮೊದಲ ಕೆಲಸ ಹಳೆಯದೇ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ, ಆದ್ದರಿಂದ ಅಂದಾಜಿಗೆ ಹಾಕಬಾರದು. ಅಂಗಡಿಯ ಒಆರ್‌ಎಸ್ ಪೊಟ್ಟಣ ಸಿಕ್ಕಿದರೆ ಅದೇ ಮೇಲು.

ಎಲೆತೋಟದ ವಿಷಯ ಸ್ವಲ್ಪ ಬೇರೆ. ಬಳ್ಳಿಯನ್ನು ಅಗಸೆ, ನುಗ್ಗೆಯಂಥ ಮರಗಳಿಗೆ ಹಬ್ಬಿಸುತ್ತಾರೆ. ಒಳಗೆ ನೆರಳು, ತಂಪು, ಸದಾ ತೇವ. ಬಳ್ಳಿಗೆ ಬೇಕಾದದ್ದು ಇದೇ, ಬೂಷ್ಟಿಗೂ ಬೇಕಾದದ್ದು ಇದೇ. ಬುಡ ಕೊಳೆಯುವ ರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಹಾಕುತ್ತಾರೆ. ದ್ರಾಕ್ಷಿಗೂ ಅದೇ, ಕರಾವಳಿಯಲ್ಲಿ ಅಡಿಕೆಯ ಕೊಳೆರೋಗಕ್ಕೂ ಅದೇ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲಿ ಹುಟ್ಟಿದ್ದರಿಂದ ಆ ಹೆಸರು. ರೈತರು ಇದನ್ನು "ವಿಷ ಅಲ್ಲ, ತುತ್ತು-ಸುಣ್ಣ ಅಷ್ಟೇ" ಅನ್ನುತ್ತಾರೆ. ಬೇರೆ ಔಷಧಿಗಳಿಗೆ ಹೋಲಿಸಿದರೆ ಮಾತು ಅರ್ಧ ಸರಿ. ಆದರೆ ವರ್ಷಗಟ್ಟಲೆ ಇದನ್ನು ಸಿಂಪಡಿಸಿದ ಪೋರ್ಚುಗಲ್‌ನ ದ್ರಾಕ್ಷಿ ಕಾರ್ಮಿಕರ ಶ್ವಾಸಕೋಶದಲ್ಲಿ ತಾಮ್ರ ಕೂತು ಗಾಯವಾಗಿದ್ದನ್ನು ವೈದ್ಯರು 1969ರಲ್ಲೇ ದಾಖಲಿಸಿದ್ದಾರೆ. ಮುಖಕ್ಕೆ ಒಂದು ಬಟ್ಟೆಯೂ ಇಲ್ಲದೆ ಗಾಳಿಗೆ ಎದುರಾಗಿ ನಿಂತು ಪಂಪು ಹೊಡೆಯುವವರು ಇದನ್ನು ನೆನಪಿಡಬೇಕು.

ಕೀಟನಾಶಕಗಳ ಕತೆ ಇನ್ನೂ ಕಠಿಣ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ ಇಪ್ಪತ್ತರ ಆಸುಪಾಸು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಏನು ಮಾಡಿತು ಅಂತ ಎಣ್ಮಕಜೆಯವರಿಗೂ, ಇತ್ತ ಕೊಕ್ಕಡ, ಪಟ್ರಮೆ, ನಿಡ್ಲೆಯವರಿಗೂ ಹೇಳಿಕೊಡಬೇಕಾಗಿಲ್ಲ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ; ಅಷ್ಟರಲ್ಲಿ ಅಲ್ಲಿ ಒಂದು ಪೀಳಿಗೆ ಮಕ್ಕಳು ಹಾಸಿಗೆಯಲ್ಲೇ ದೊಡ್ಡವರಾಗಿದ್ದರು. ಔಷಧಿ ಹೊಡೆದವರಿಗೆ ತಲೆಸುತ್ತು, ವಾಂತಿ, ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ಕಣ್ಣು ಮಂಜು ಆದರೆ "ಬಿಸಿಲು ತಾಗಿದೆ" ಅಂತ ಮಲಗಿಸಬಾರದು. ಬಟ್ಟೆ ತೆಗೆಸಿ, ಸೋಪಿನಲ್ಲಿ ಮೈ ತೊಳೆಸಿ, ಔಷಧಿಯ ಡಬ್ಬಿಯನ್ನೂ ಜೊತೆಗೆ ಹಿಡಿದು ಆಸ್ಪತ್ರೆಗೆ ಓಡಬೇಕು. ಡಬ್ಬಿ ನೋಡಿದರೆ ಡಾಕ್ಟರಿಗೆ ಅರ್ಧ ಕೆಲಸ ಸುಲಭ.

ಇನ್ನು ಬಾಯಿಯ ವಿಷಯ. ವೀಳ್ಯದೆಲೆ ತನ್ನಷ್ಟಕ್ಕೇ ಕ್ಯಾನ್ಸರ್ ತರುತ್ತದೆ ಎನ್ನಲು ಆಧಾರವಿಲ್ಲ. ಚೆನ್ನಾಗಿ ತೊಳೆದರೆ ಆರಗದ ಎಲೆಯ ಮೇಲೆ ದೂರು ಹೇಳಬೇಕಾದ್ದು ಹೆಚ್ಚಿಲ್ಲ. ದೂರು ಇರುವುದು ಅದರೊಳಗೆ ಮಡಚುವ ವಸ್ತುವಿನ ಮೇಲೆ. ತಂಬಾಕು ಕೆಟ್ಟದ್ದು ಅಂತ ಎಲ್ಲರೂ ಒಪ್ಪುತ್ತಾರೆ. ಒಪ್ಪಲು ಕಷ್ಟವಾಗುವುದು ಅಡಿಕೆಯ ವಿಷಯ, ಏಕೆಂದರೆ ಕರಾವಳಿಯಲ್ಲಿ ಅಡಿಕೆ ಅಂದರೆ ಮನೆಕಟ್ಟಿದ ದುಡ್ಡು, ಮಗಳ ಮದುವೆ, ಮಂಡಿಯ ವ್ಯಾಪಾರ. ಬ್ಯಾರಿಗಳಲ್ಲಿ ಅಡಿಕೆ ವ್ಯಾಪಾರದಿಂದ ಎದ್ದುನಿಂತ ಕುಟುಂಬಗಳು ಎಷ್ಟೋ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ತಂಬಾಕು ಇಲ್ಲದ ಎಲೆಅಡಿಕೆಯನ್ನೂ, ಬರೀ ಅಡಿಕೆಯನ್ನೂ ಮನುಷ್ಯನಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳಿಗೆ ಇದರ ಬಗ್ಗೆ ತಕರಾರಿದೆ, ಅವರ ಆತಂಕ ಸುಳ್ಳಲ್ಲ. ಹಾಗಂತ ಬಾಯಿ ಬೆಲೆ ನೋಡಿ ಕಾಯಿಲೆ ಬೀಳುವುದಿಲ್ಲ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಕೆನ್ನೆಯ ಒಳಪದರದಲ್ಲಿ ನಾರು ಹೆಚ್ಚಿಸುತ್ತದೆ. ಮೊದಲಿಗೆ ಖಾರ ತಿಂದರೆ ಉರಿ. ಆಮೇಲೆ ಕೆನ್ನೆಯ ಒಳಗೆ ಬಿಳಿಚಿಕೊಂಡು ಹಗ್ಗದಂತೆ ಗಟ್ಟಿ. ಕೊನೆಗೆ ಬಾಯಿ ತೆರೆಯಲಾಗದು. ಇದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. ಒಮ್ಮೆ ಕೂತ ನಾರು ಪೂರ್ತಿ ಹೋಗುವುದಿಲ್ಲ, ಮುಂದೆ ಕ್ಯಾನ್ಸರಿಗೆ ತಿರುಗುವ ಭಯವೂ ಇದೆ. ಅಜ್ಜಿ ಊಟವಾದ ಮೇಲೆ ಹಾಕುತ್ತಿದ್ದ ಒಂದು ಎಲೆಗೂ, ಕಾಲೇಜು ಹುಡುಗ ದಿನಕ್ಕೆ ಹತ್ತು ಪೊಟ್ಟಣ ಒಣ ಅಡಿಕೆಪುಡಿ ಕೆನ್ನೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಅಜಗಜಾಂತರ. ಅಜ್ಜಿಗೆ ಎಪ್ಪತ್ತಾದರೂ ಏನೂ ಆಗಲಿಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದವು. ಅಂಗಡಿಯವನು ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿ ಕೈಗೆ ಕೊಟ್ಟ. ಬೆರೆಸುವ ಕೆಲಸ ಗಿರಾಕಿಯದ್ದಾಯಿತು, ಅಷ್ಟೇ. ಸಾಂಗ್ಲಿ ಕಡೆ ಗೂಡಂಗಡಿಯಲ್ಲೇ ಅಡಿಕೆ, ತಂಬಾಕು, ಸುಣ್ಣ ಉಜ್ಜಿ ಮಾವಾ ಮಾಡಿ ಕೊಡುತ್ತಾರೆ. 2016–17ರ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕದಲ್ಲಿ ಹೊಗೆಯಿಲ್ಲದ ತಂಬಾಕು ಬಳಸುವ ವಯಸ್ಕರು ಮಹಾರಾಷ್ಟ್ರದಲ್ಲಿ ನೂರಕ್ಕೆ 24.4, ಕರ್ನಾಟಕದಲ್ಲಿ 16.3. ದೇಶದಲ್ಲಿ ಗಂಡಸರಿಗೆ ಅತಿ ಹೆಚ್ಚು ಬರುವ ಕ್ಯಾನ್ಸರ್ ಬಾಯಿಯದ್ದು ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬಹುದು.

ನಿಪ್ಪಾಣಿಯ ತಂಬಾಕು ಕರಾವಳಿಗೆ ಬರುವ ಇನ್ನೊಂದು ದಾರಿ ಬೀಡಿ. ಇಲ್ಲಿ ಕಾಯಿಲೆ ಬೀಳುವವರು ಸೇದುವವರು ಮಾತ್ರ ಅಲ್ಲ. ಮೊರ ಮಡಿಲಲ್ಲಿಟ್ಟು ಬೆಳಿಗ್ಗೆಯಿಂದ ಬೀಡಿ ಕಟ್ಟಿ, ಸಂಜೆ ಬ್ರಾಂಚಿಗೆ ಕೊಟ್ಟು ಮಕ್ಕಳ ಫೀಸು ಕಟ್ಟಿದ ಉಮ್ಮಂದಿರು ಒಂದು ದಿನವೂ ಬೀಡಿ ಸೇದಿದವರಲ್ಲ. ಆದರೆ ತಂಬಾಕಿನ ನಿಕೋಟಿನ್ ಚರ್ಮದಿಂದಲೂ ಒಳಗೆ ಇಳಿಯುತ್ತದೆ, ಪುಡಿ ಉಸಿರಿನ ಜೊತೆ ಹೋಗುತ್ತದೆ. ಬಿಡದ ಕೆಮ್ಮು, ತಲೆನೋವು, ಕಣ್ಣುರಿ, ಬಗ್ಗಿ ಕೂತು ಕೂತು ಹಿಡಿದ ಸೊಂಟ. ಇವನ್ನು "ವಯಸ್ಸಾಯಿತು" ಅಂತ ತಳ್ಳಿಹಾಕಿದ್ದೇ ಹೆಚ್ಚು. ಕಾನೂನು 1966ರಲ್ಲೇ ಬಂದಿತ್ತು, ಬೀಡಿ ಕಾರ್ಮಿಕರ ಕಲ್ಯಾಣ ನಿಧಿ 1976ರಿಂದ ಇದೆ. ಆದರೆ ಕಾರ್ಖಾನೆಗೆ ಕಿಟಕಿ ಎಷ್ಟಿರಬೇಕು ಅಂತ ಕೇಳುವ ಇನ್ಸ್‌ಪೆಕ್ಟರ್ ಮನೆಯ ಚಾವಡಿಗೆ ಬರುವುದಿಲ್ಲ. ಈಗಲೂ ಕಟ್ಟುವವರಿದ್ದರೆ, ಮಲಗುವ ಕೋಣೆಯಲ್ಲಿ ತಂಬಾಕು ಇಡದೆ ಜಗಲಿಯಲ್ಲಿ ಕೂರುವುದು, ಮಗುವಿಗೆ ಹಾಲು ಕೊಡುವ ಮೊದಲು ಸೋಪಿನಲ್ಲಿ ಕೈ ತೊಳೆದು ಮೇಲಿನ ಬಟ್ಟೆ ಬದಲಿಸುವುದು, ಹೊಟ್ಟೆಯಲ್ಲಿ ಮಗು ಇದ್ದಾಗ ಕೆಲಸವನ್ನು ಬೇರೆಯವರಿಗೆ ಬಿಡುವುದು ಮನೆಯವರ ಕೈಯಲ್ಲೇ ಇರುವ ಸಂಗತಿಗಳು.

ಬಾಯಿ ಪರೀಕ್ಷೆಗೆ ಖರ್ಚಿಲ್ಲ. ಕನ್ನಡಿ ಮುಂದೆ ನಿಂತು ತೋರು, ನಡು, ಉಂಗುರ ಮೂರೂ ಬೆರಳನ್ನು ನೆಟ್ಟಗೆ ಒಂದರ ಮೇಲೊಂದು ಹಲ್ಲುಗಳ ನಡುವೆ ಇಟ್ಟು ನೋಡಬೇಕು. ಹಿಡಿಯದಿದ್ದರೆ, ಅಥವಾ ಎರಡು ವಾರ ಕಳೆದರೂ ವಾಸಿಯಾಗದ ಹುಣ್ಣು, ಬಿಳಿ ಇಲ್ಲವೇ ಕೆಂಪು ಮಚ್ಚೆ ಕಂಡರೆ ದಂತ ವೈದ್ಯರಿಗೆ ತೋರಿಸಬೇಕು. 30 ದಾಟಿದವರಿಗೆ ಬಿಪಿ, ಶುಗರ್ ಜೊತೆ ಬಾಯಿ ತಪಾಸಣೆಯನ್ನೂ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಮಾಡುತ್ತಾರೆ. ತಂಬಾಕು ಬಿಡಲು ಸಹಾಯ ಬೇಕಾದವರು ಕೇಂದ್ರ ಸರಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.