ಶೋಲೆ ಗ್ರಾಮ ಯೋಜನೆ, ರಾಮನಗರ

ಹಿಂದಿ ಚಲನಚಿತ್ರ ‘ಶೋಲೆ’ಯ ಕಥೆ ನಡೆಯುವ ರಾಮಗಢವೆಂಬ ಕಲ್ಪಿತ ಹಳ್ಳಿಯನ್ನು, ಅದು ಚಿತ್ರೀಕರಣಗೊಂಡ ರಾಮನಗರದಲ್ಲೇ ಪ್ರವಾಸಿಗರಿಗಾಗಿ ಮತ್ತೆ ಕಟ್ಟಿ ತೋರಿಸಬೇಕೆಂದು ಕರ್ನಾಟಕದ ಪ್ರವಾಸೋದ್ಯಮ ಇಲಾಖೆ 2017ರಲ್ಲಿ ಮುಂದಿಟ್ಟ ಪ್ರಸ್ತಾವ. ಆಗ ಆ ಖಾತೆಯ ಸಚಿವರಾಗಿದ್ದವರು ಪ್ರಿಯಾಂಕ್ ಖರ್ಗೆ. ತ್ರೀಡಿ ಮತ್ತು ವರ್ಚುಯಲ್ ರಿಯಾಲಿಟಿ ತಂತ್ರಜ್ಞಾನದ ನೆರವಿನಿಂದ ಬಂದವರು ಚಿತ್ರದ ಡಕಾಯಿತ ಗಬ್ಬರ್ ಸಿಂಗನ ಬೀಡಿನ ನಡುವೆಯೇ ನಿಂತಂತೆ ಅನುಭವಿಸಬೇಕು ಎಂಬುದು ಆಲೋಚನೆ. ಯೋಜನೆ ಕಾರ್ಯರೂಪಕ್ಕೆ ಬರಲಿಲ್ಲ. ಆದರೆ ಅದು ಎಬ್ಬಿಸಿದ ಚರ್ಚೆ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ದಕ್ಕೂ, ಬಿಡದಿಯಿಂದ ಕೃಷ್ಣರಾಜಸಾಗರದವರೆಗೆ, ಬೇರೆ ಬೇರೆ ರೂಪದಲ್ಲಿ ಮುಂದುವರಿದಿದೆ.

‘ಶೋಲೆ’ಯ ಚಿತ್ರೀಕರಣ 1973ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಜಿ.ಪಿ. ಸಿಪ್ಪಿ ನಿರ್ಮಾಪಕರು, ಅವರ ಮಗ ರಮೇಶ್ ಸಿಪ್ಪಿ ನಿರ್ದೇಶಕರು. ಕಥೆ, ಚಿತ್ರಕಥೆ ಸಲೀಂ–ಜಾವೇದ್ ಜೋಡಿಯದು. ಉತ್ತರ ಭಾರತದ ಡಕಾಯಿತರ ಕಥೆಗೆ ಚಂಬಲ್ ಕಣಿವೆಯ ಬದಲು ಬೇರೆ ನೆಲ ಬೇಕೆಂದು ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದ ಈ ಬಂಡೆಗಳ ಊರು. ಕಲಾ ನಿರ್ದೇಶಕ ರಾಮ್ ಯೇಡೇಕರ್ ರಾಮದೇವರ ಬೆಟ್ಟದ ಬುಡದಲ್ಲಿ ಮನೆಗಳು, ಗುಡಿ, ನೀರಿನ ಟ್ಯಾಂಕು, ಠಾಕೂರನ ಬಂಗಲೆ ಎಲ್ಲವನ್ನೂ ಒಳಗೊಂಡ ಇಡೀ ಹಳ್ಳಿಯನ್ನೇ ಎಬ್ಬಿಸಿದರು. ಅಲ್ಲಿಗೆ ಹೋಗಲು ಹೆದ್ದಾರಿಯಿಂದ ರಸ್ತೆಯನ್ನೂ ಮಾಡಲಾಯಿತು. ಊರಿನ ಹಲವರು ಸೆಟ್ಟಿನ ಕೆಲಸಕ್ಕೆ, ಗುಂಪಿನ ದೃಶ್ಯಗಳಿಗೆ ಹೋದರು. ಆ ಜಾಗಕ್ಕೆ ‘ಸಿಪ್ಪಿ ನಗರ’ ಎಂಬ ಹೆಸರೂ ಕೆಲಕಾಲ ಅಂಟಿಕೊಂಡಿತ್ತು. ರೈಲು ದರೋಡೆಯ ಪ್ರಸಿದ್ಧ ದೃಶ್ಯ ಮಾತ್ರ ಇಲ್ಲಿಯದಲ್ಲ, ಮುಂಬಯಿ–ಪುಣೆ ಮಾರ್ಗದ ಪನ್ವೇಲ್ ಬಳಿ ತೆಗೆದದ್ದು.

ಚಿತ್ರ 1975ರ ಆಗಸ್ಟ್ 15ರಂದು ತೆರೆಕಂಡಿತು. ಮುಂಬಯಿಯ ಮಿನರ್ವಾ ಚಿತ್ರಮಂದಿರದಲ್ಲಿ ಐದು ವರ್ಷ ಓಡಿತು. ಅಷ್ಟರಲ್ಲಿ ರಾಮನಗರದ ಸೆಟ್ಟನ್ನು ಕಿತ್ತುಹಾಕಿ ಆಗಿತ್ತು. ಇಂದು ಚಿತ್ರದ ನೆನಪಿನಲ್ಲಿ ಬರುವವರಿಗೆ ಕಾಣಲು ಉಳಿದಿರುವುದು ಬಂಡೆಗಳು ಮಾತ್ರ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಈ ಕಲ್ಲಿಗೆ ಸುಮಾರು 250 ಕೋಟಿ ವರ್ಷದ ವಯಸ್ಸು. ಕ್ಲೋಸ್‌ಪೇಟೆ ಎಂಬುದು ರಾಮನಗರಕ್ಕೆ ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನಿಂದ ಬಂದ ಹಳೆಯ ಹೆಸರು.

ಬಂಡೆಗಳಿಗೆ ಚಿತ್ರತಂಡಕ್ಕಿಂತ ಮೊದಲೇ ಒಕ್ಕಲುಗಳಿದ್ದವು. ರಾಮದೇವರ ಬೆಟ್ಟದ ಕಡಿದಾದ ಗೋಡೆಯನ್ನು ಕೆಳಗಿನಿಂದ ನೋಡಿದರೆ ಅಲ್ಲಲ್ಲಿ ಸುಣ್ಣ ಸುರಿದಂತೆ ಬಿಳಿಯ ಪಟ್ಟೆಗಳು ಕಾಣುತ್ತವೆ. ತಲೆಮಾರುಗಳಿಂದ ಅದೇ ಸಂದುಗಳಲ್ಲಿ ಕೂತ ಹದ್ದುಗಳ ಹಿಕ್ಕೆಯ ಗುರುತು ಅದು. ಉದ್ದ ಕೊಕ್ಕಿನ ರಣಹದ್ದು ಇಲ್ಲಿ ಗೂಡು ಕಟ್ಟುತ್ತದೆ. ಬಿಳಿ ರಣಹದ್ದು ಕೂಡ ಇಲ್ಲಿ ಕಾಣಸಿಗುತ್ತದೆ. ಉದ್ದ ಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ದನಕರುಗಳಿಗೆ ನೋವು ನಿವಾರಕವಾಗಿ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿ, ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆ ಸೇರಿ ಮೂತ್ರಪಿಂಡವನ್ನು ಹಾಳುಮಾಡುತ್ತದೆಂದು 2004ರಲ್ಲಿ ವಿಜ್ಞಾನಿಗಳು ಪತ್ತೆಹಚ್ಚಿದರು. 2006ರಲ್ಲಿ ಪಶುವೈದ್ಯಕೀಯದಲ್ಲಿ ಅದರ ಬಳಕೆಯನ್ನು ಭಾರತ ನಿಷೇಧಿಸುವ ಹೊತ್ತಿಗೆ ಈ ಜಾತಿಯ ಹದ್ದುಗಳಲ್ಲಿ ಬಹುಪಾಲು ನಾಶವಾಗಿದ್ದವು. 2012ರಲ್ಲಿ ರಾಜ್ಯ ಸರ್ಕಾರ ರಾಮದೇವರ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಿತು. ರಣಹದ್ದುಗಳಿಗೆಂದೇ ಮೀಸಲಾದ ಇಂಥ ಧಾಮ ದೇಶದಲ್ಲಿ ಅದೇ ಮೊದಲು. ಈಗ ಇಲ್ಲಿ ಉಳಿದಿರುವ ಹದ್ದುಗಳು ಬೆರಳೆಣಿಕೆಯಷ್ಟು.

ಧಾಮದ ಘೋಷಣೆಯಾಗಿ ಐದು ವರ್ಷದ ನಂತರ ಬಂದದ್ದು ಶೋಲೆ ಗ್ರಾಮದ ಮಾತು. ಪರಿಸರಾಸಕ್ತರು ಕೂಡಲೇ ವಿರೋಧಿಸಿದರು. ಗೂಡು ಕಟ್ಟುವ ಕಾಲದಲ್ಲಿ ಜನಜಂಗುಳಿ, ದೀಪ, ಧ್ವನಿವರ್ಧಕಗಳ ಗದ್ದಲ ಸಹಿಸದ ಹಕ್ಕಿ ಬೆಟ್ಟ ಬಿಟ್ಟುಹೋದರೆ ಮರಳಿ ಬರುವ ಖಾತರಿಯಿಲ್ಲ ಎಂಬುದು ಅವರ ವಾದ. ಪರವಾಗಿದ್ದವರ ಮಾತಿಗೂ ತೂಕವಿತ್ತು. ಚಿತ್ರ ನೋಡಿ ಬಂದವನು ಬಂಡೆ ಕಂಡು, ನಾಲ್ಕು ಫೋಟೊ ತೆಗೆದುಕೊಂಡು, ಊರಿನ ಹೋಟೆಲಿನಲ್ಲಿ ಒಂದು ಕಾಫಿಯನ್ನೂ ಕುಡಿಯದೆ ಮೈಸೂರಿಗೆ ಹೊರಟುಬಿಡುತ್ತಾನೆ. ಅವನನ್ನು ಅರ್ಧ ದಿನ ನಿಲ್ಲಿಸಿಕೊಂಡರೆ ಆಟೊದವರಿಗೆ, ಅಂಗಡಿಯವರಿಗೆ, ಹಾದಿ ತೋರಿಸುವ ಹುಡುಗರಿಗೆ ನಾಲ್ಕು ಕಾಸು ಸಿಗುತ್ತದೆ. ರೇಷ್ಮೆಗೂಡಿನ ಮಾರುಕಟ್ಟೆಯನ್ನೇ ನೆಚ್ಚಿಕೊಂಡ ಊರಿಗೆ ಅದು ಸಣ್ಣ ಮಾತಲ್ಲ.

ಇನ್ನು ಸಿನಿಮಾ ಅಭಿಮಾನಿಗಳಲ್ಲೇ ಎರಡು ಮನಸ್ಸು ಇರುವುದು ಸಹಜ. ಚಿತ್ರದಲ್ಲಿ ಕಂಡ ಊರೊಳಗೆ ಓಡಾಡುವ ಆಸೆ ಯಾರಿಗಿರುವುದಿಲ್ಲ? ಆದರೆ ಪ್ಲೈವುಡ್ಡು, ಫೈಬರಿನಲ್ಲಿ ಮತ್ತೆ ಎಬ್ಬಿಸಿದ ರಾಮಗಢಕ್ಕೂ ದ್ವಾರಕಾ ದಿವೇಚಾ ಕ್ಯಾಮೆರಾದಲ್ಲಿ ಹಿಡಿದ ರಾಮಗಢಕ್ಕೂ ಸಂಬಂಧ ಅಷ್ಟಕ್ಕಷ್ಟೇ. ಕನ್ನಡ ಪ್ರೇಕ್ಷಕನ ಮುಂದೆ ಇನ್ನೊಂದು ಪ್ರಶ್ನೆಯೂ ಇದೆ: ಸರ್ಕಾರದ ದುಡ್ಡಿನಲ್ಲಿ ಸಿನಿಮಾ ಹಳ್ಳಿ ಕಟ್ಟುವುದೇ ಆದರೆ ಅದು ಹಿಂದಿ ಚಿತ್ರದ್ದೇ ಏಕಾಗಬೇಕು? ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಬಂದಾಗಿನಿಂದ ಚಿತ್ರದುರ್ಗದ ಕೋಟೆಯ ಗೈಡುಗಳು ಚಿತ್ರದ ದೃಶ್ಯಗಳು ನಡೆದ ಜಾಗಗಳನ್ನು ತೋರಿಸುತ್ತಲೇ ಬಂದಿದ್ದಾರೆ. ಅದಕ್ಕೆ ಒಂದು ಇಟ್ಟಿಗೆಯನ್ನೂ ಹೊಸದಾಗಿ ಇಡಬೇಕಾಗಲಿಲ್ಲ.

ಹೊರದೇಶದಲ್ಲೂ 2017ರಲ್ಲೇ ಇಂಥದೇ ವಾದವೊಂದು ಕೊನೆಯ ಘಟ್ಟ ಮುಟ್ಟಿತ್ತು. ಅಮೆರಿಕದ ಫ್ಲಾರಿಡಾದಲ್ಲಿ 1998ರಲ್ಲಿ ತೆರೆದ ಡಿಸ್ನಿಯ ಅನಿಮಲ್ ಕಿಂಗ್‌ಡಮ್, ನಿಜವಾದ ಪ್ರಾಣಿಗಳಿಗೆ ಮೀಸಲಾದ ಉದ್ಯಾನ. ಅಲ್ಲಿ ಜೇಮ್ಸ್ ಕ್ಯಾಮರೂನ್‌ರ ‘ಅವತಾರ್’ ಚಿತ್ರದ ಪಂಡೋರಾ ಲೋಕವನ್ನು ಕಟ್ಟುವುದಾಗಿ 2011ರಲ್ಲಿ ಪ್ರಕಟಿಸಿದಾಗ, ಬೇರೆ ಗ್ರಹದ ಕಟ್ಟುಕಥೆಗೆ ಪ್ರಾಣಿಗಳ ತೋಟದಲ್ಲೇನು ಕೆಲಸ ಎಂದು ಆ ಉದ್ಯಾನದ ಅಭಿಮಾನಿಗಳೇ ಕೇಳಿದ್ದರು. 2017ರ ಮೇ 27ರಂದು ಪಂಡೋರಾ ತೆರೆಯಿತು, ಜನ ಮುಗಿಬಿದ್ದರು. ನ್ಯೂಜಿಲೆಂಡಿನ ಮಟಮಟದಲ್ಲಿ ಒಂದು ಕುರಿ ಸಾಕಣೆಯ ಜಮೀನಿನಲ್ಲಿ ‘ಲಾರ್ಡ್ ಆಫ್ ದ ರಿಂಗ್ಸ್’ಗಾಗಿ ಕಟ್ಟಿದ್ದ ಸೆಟ್ಟು ಕಿತ್ತುಹೋದ ಮೇಲೆ, ‘ಹಾಬಿಟ್’ ಚಿತ್ರಗಳಿಗಾಗಿ ಅದನ್ನು ಶಾಶ್ವತವಾಗಿಯೇ ಮತ್ತೆ ಕಟ್ಟಿದರು. ಇಂದು ಅದು ಆ ದೇಶದ ಹೆಸರಾಂತ ಪ್ರವಾಸಿ ತಾಣ. ಈ ಎರಡನ್ನೂ ರಾಮನಗರದ ಪರವಾದಿಗಳು ಉದಾಹರಿಸಬಹುದು. ಆದರೆ ಪಂಡೋರಾ ಎದ್ದದ್ದು ಡಿಸ್ನಿಯದೇ ನೆಲದಲ್ಲಿ, ಹಾಬಿಟ್ ಊರು ಎದ್ದದ್ದು ಖಾಸಗಿ ಜಮೀನಿನಲ್ಲಿ. ಎರಡು ಕಡೆಯೂ ಅಳಿವಿನಂಚಿನ ಹಕ್ಕಿಯ ಗೂಡು ತಲೆಯ ಮೇಲಿರಲಿಲ್ಲ. ಹೋಲಿಕೆ ಅಲ್ಲಿಗೇ ಮುರಿಯುತ್ತದೆ.

ಕರ್ನಾಟಕದಲ್ಲೇ ಕೈಗೂಡಿದ ಮಾದರಿ ಒಂದಿದೆ. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯಾಗಿ ಆಗುಂಬೆಯಲ್ಲಿ ಚಿತ್ರಿಸಿದಾಗ, ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಗಿತ್ತು. ಪಾಳುಬಿದ್ದಿದ್ದ ಆ ಹಳೆಯ ಕಟ್ಟಡವನ್ನು ನೈರುತ್ಯ ರೈಲ್ವೆ ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದನ್ನು ರೂಪಿಸಿದವರು ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ. ಇದ್ದದ್ದನ್ನು ಉಳಿಸಿಕೊಂಡು ಕಥೆಗೆ ಜಾಗ ಕೊಟ್ಟದ್ದರಿಂದ ಅಲ್ಲಿ ಯಾರಿಗೂ ಏನೂ ನಷ್ಟವಾಗಲಿಲ್ಲ.

ರಾಮನಗರದ ಪಕ್ಕದಲ್ಲೇ ಇರುವ ಜಾನಪದ ಲೋಕವೂ ನೆನೆಯತಕ್ಕದ್ದು. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕು ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಕಟ್ಟಿ 1994ರಲ್ಲಿ ತೆರೆದ ಈ ಹದಿನೈದು ಎಕರೆಯಲ್ಲಿ ಆಯಗಾರರ ಮಾಳವಿದೆ, ಲೋಕಮಹಲ್ ಇದೆ, ನೊಗ, ಒನಕೆ, ಬೀಸುಕಲ್ಲು, ಸೂತ್ರದ ಬೊಂಬೆಗಳಿವೆ. ಶೋಲೆ ಗ್ರಾಮದ ಪ್ರಸ್ತಾವಕ್ಕಿಂತ ಮುಂಚೆಯೇ, ಅದೇ ಹೆದ್ದಾರಿಯ ಬದಿಯಲ್ಲಿ, ನಿಜದ ಹಳ್ಳಿಯೊಂದನ್ನು ಒಬ್ಬ ಮಂಡ್ಯದ ಗೌಡರು ಕಟ್ಟಿಟ್ಟಿದ್ದಾರೆ. ಬಿಡದಿಯಲ್ಲಿ ಸಿನಿಮಾವನ್ನೇ ಬಂಡವಾಳ ಮಾಡಿಕೊಂಡ ಖಾಸಗಿ ಫಿಲ್ಮ್ ಸಿಟಿಯೂ ಇದೆ. ಅಲ್ಲಿದ್ದ ‘ಬಿಗ್ ಬಾಸ್’ ಮನೆಯ ಸೆಟ್ಟು 2018ರ ಫೆಬ್ರುವರಿಯಲ್ಲಿ ಬೆಂಕಿಗೆ ಆಹುತಿಯಾಯಿತು. ಸರ್ಕಾರಿ ಚಿತ್ರನಗರಿಯ ಹೆಸರು ಮಾತ್ರ ಬಜೆಟ್‌ನಿಂದ ಬಜೆಟ್‌ಗೆ ಮೈಸೂರು, ರಾಮನಗರ, ಬೆಂಗಳೂರು ಎಂದು ಸುತ್ತಿ ಮತ್ತೆ ಮೈಸೂರಿಗೆ ಬಂದು ನಿಂತಿದೆ.

ಮಂಡ್ಯ ಜಿಲ್ಲೆಯಲ್ಲಿ ವಾದ ಇನ್ನಷ್ಟು ಬಿಸಿಯಾಗಿದೆ. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1927ರಿಂದ 1932ರವರೆಗೆ ಕೃಷ್ಣರಾಜಸಾಗರ ಅಣೆಕಟ್ಟೆಯ ಬುಡದಲ್ಲಿ ರೂಪುಗೊಂಡ ಬೃಂದಾವನ ಉದ್ಯಾನ ದಶಕಗಳ ಕಾಲ ದಕ್ಷಿಣದ ಸಿನಿಮಾ ಹಾಡುಗಳಿಗೆ ಸಿದ್ಧ ಸೆಟ್ಟಾಗಿತ್ತು. 2018ರಲ್ಲಿ ಆಗಿನ ಜಲಸಂಪನ್ಮೂಲ ಸಚಿವ ಡಿ.ಕೆ. ಶಿವಕುಮಾರ್ ಅಲ್ಲಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು ಮತ್ತು 125 ಅಡಿಯ ಕಾವೇರಿ ಪ್ರತಿಮೆಯ ಯೋಜನೆ ಪ್ರಕಟಿಸಿದರು. 2024ರಲ್ಲಿ ಸಚಿವ ಸಂಪುಟ ₹2,663.74 ಕೋಟಿ ಅಂದಾಜಿನಲ್ಲಿ, 198 ಎಕರೆಯಲ್ಲಿ, ಖಾಸಗಿ ಸಹಭಾಗಿತ್ವದಲ್ಲಿ ಉದ್ಯಾನವನ್ನು ಮೇಲ್ದರ್ಜೆಗೇರಿಸಲು ಒಪ್ಪಿತು. ರೈತ ಸಂಘಟನೆಗಳು ಬೀದಿಗಿಳಿದವು. ಅದೇ ವರ್ಷದ ಜನವರಿಯಲ್ಲಿ ಹೈಕೋರ್ಟು ಅಣೆಕಟ್ಟೆಯ ಸುತ್ತ 20 ಕಿ.ಮೀ. ಗಣಿಗಾರಿಕೆ ನಿಲ್ಲಿಸಿತ್ತು. ಕಲ್ಲು ಸಿಡಿಸಬಾರದ ಕಡೆ ಕಾಂಕ್ರೀಟು ಸುರಿದು ಜನಸಾಗರ ತರುವುದು ಸರಿಯೇ ಎಂದು ರೈತರು ಕೇಳುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ನೀರು ನಂಬಿ ಭತ್ತ, ಕಬ್ಬು ಬೆಳೆಯುವವರ ಪ್ರಶ್ನೆಯಿದು. ಇದನ್ನು ಅಭಿವೃದ್ಧಿ ವಿರೋಧವೆಂದು ತಳ್ಳಿಹಾಕುವುದು ಅನ್ಯಾಯ.

ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಸೀಮೆಗೂ ಈ ಮಾತು ದೂರದ್ದಲ್ಲ. ಅದರ ಬಳಿಯ ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ಉತ್ಪಾದನೆ ನಡೆದಿದೆ, ಗಗನಚುಕ್ಕಿ ಜಲಪಾತಕ್ಕೆ ಮಳೆಗಾಲದಲ್ಲಿ ಜನ ಹರಿದುಬರುತ್ತಾರೆ. ಇದೇ ತಾಲ್ಲೂಕಿನ ಮುತ್ತತ್ತಿಯ ಆಂಜನೇಯನ ಹೆಸರನ್ನೇ ಡಾ. ರಾಜ್‌ಕುಮಾರ್ ಅವರಿಗೆ ಮುತ್ತುರಾಜನೆಂದು ಇಟ್ಟಿದ್ದರು. ಸಿನಿಮಾದ ನೆಪದಲ್ಲೋ ನದಿಯ ನೆಪದಲ್ಲೋ ನಾಳೆ ಇಲ್ಲಿಗೂ ಒಂದು ಯೋಜನೆ ಬರಬಹುದು. ಬಂದರೆ ಅದರ ಪೂರ್ತಿ ವರದಿಯನ್ನು, ಎಷ್ಟು ನೆಲ, ಎಷ್ಟು ನೀರು, ಯಾರಿಗೆ ಎಷ್ಟು ಕೆಲಸ ಎಂಬ ಲೆಕ್ಕದ ಸಮೇತ, ಕನ್ನಡದಲ್ಲಿ ಅಚ್ಚುಹಾಕಿಸಿ ಗ್ರಾಮಸಭೆಯ ಮುಂದಿಟ್ಟ ಮೇಲೆಯೇ ಗುದ್ದಲಿ ಪೂಜೆ ನಡೆಯಲಿ.