ಕಮ್ಮಾರರ ಮನಿ ಇಳಿಸೋ ಮೊದಲು ಒಮ್ಮೆ ನೋಡ್ರಿ

ಇವತ್ತು ಬೆಳಿ ಬಗ್ಗೆ ಬರೆಯೋದಿಲ್ಲ. ನಮ್ಮೂರ ಅಗಸಿ ದಾಟಿದ ಕೂಡಲೇ ಎಡಕ್ಕ ಸಿಗೋ ಕಮ್ಮಾರರ ಮನಿ ಮುಂದಿನ ವಾರ ಇಳಿಸ್ತಾರಂತ. ಮಕ್ಕಳು ಪಟ್ಟಣ ಸೇರಿ ಇಪ್ಪತ್ತು ವರ್ಷ ಆತು. ಕಲ್ಲು ಟ್ರ್ಯಾಕ್ಟರ್ ಲೆಕ್ಕದಾಗ ಮಾರಾಟಕ್ಕ ಅದಾವ. ನನಗೂ ದನದ ಶೆಡ್ಡಿಗೆ ನಾಲ್ಕು ಕಲ್ಲು ಬೇಕಿದ್ದವು, ನೋಡಾಕ ಹೋದೆ. ಹೋದವನು ಕಲ್ಲಿನ ಮಾತು ಬಿಟ್ಟು, ಟೇಪ್ ಹಿಡಿದು ಮನಿ ಅಳತಿ ಮಾಡಿಕೊಂಡು ಬಂದೆ.

ಮೊದಲು ಗೋಡೆ. ಬಾದಾಮಿ, ಗುಳೇದಗುಡ್ಡದ ಕಡೆಯ ಮರಳುಗಲ್ಲು ಪದರ ಪದರವಾಗಿ ಏಳುತ್ತದೆ. ಹಂಗಾಗಿ ಹೆಚ್ಚು ಕೆತ್ತದೇ ಚಪಾಟ ಕಲ್ಲು ಸಿಗುತ್ತದೆ. ಗೋಡೆ ಎರಡೂವರೆ ಅಡಿ ದಪ್ಪ. ಆದರೆ ಅದು ಒಂದೇ ಗೋಡೆ ಅಲ್ಲ. ಹೊರಗೊಂದು ಸಾಲು, ಒಳಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು. ಎರಡೂ ಸಾಲು ದೂರ ಸರಿಯದಂತೆ ಅಲ್ಲಲ್ಲಿ ಉದ್ದನೆಯ ಕಲ್ಲು ಅಡ್ಡ ಹಾಕಿದ್ದಾರೆ. ಹಗಲಿನ ಬಿಸಿಲು ಇಷ್ಟು ದಪ್ಪ ದಾಟಿ ಒಳಗ ಬರೋದರಾಗ ಸಂಜಿ ಆಗಿರುತ್ತದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿದ್ದು ನಿಮಗೆ ನೆನಪಿರಬೇಕು. ಇಂಥ ಗೋಡಿಗೆ ನಿಂತ ನೀರೇ ವೈರಿ. ಕಲ್ಲು ಗಟ್ಟಿ ಇದ್ದರೂ ನಡುವಿನ ಮಣ್ಣು ನೆನೆದು ಉಬ್ಬಿದರೆ ಹೊರಸಾಲು ಹೊಟ್ಟಿ ಬಿಟ್ಟು ಬೀಳುತ್ತದೆ. ಈ ಮನಿ ಉಳಿದದ್ದು ಮೂರಡಿ ಎತ್ತರದ ಕಲ್ಲಿನ ಕಟ್ಟಿ ಮ್ಯಾಲೆ ಇದ್ದದ್ದಕ್ಕ.

ಒಳಗ ಹೋದರೆ ಮೊದಲು ತಗ್ಗಿನಾಗ ದನ ಕಟ್ಟೋ ಜಾಗ, ಎರಡು ಮೆಟ್ಟಿಲು ಏರಿದರೆ ಪಡಸಾಲಿ, ಅದರ ಹಿಂದ ಅಡಗಿಮನಿ. ನೆಲ ಹಂಗ ಮ್ಯಾಲೆ ಕೆಳಗ ಇರೋದಕ್ಕ ಗಂಜಲ ಮಂದಿ ಕಡೆ ಹರಿಯೋದಿಲ್ಲ. ಕಿಟಕಿ ಇಲ್ಲ. ಮಾಳಿಗಿಯಲ್ಲಿ ಬೆಳಕಿಂಡಿ ಅದ, ಮಳಿ ಬಂದರೆ ಅದರ ಮ್ಯಾಲೆ ಗಡಿಗಿ ಬೋರಲು ಹಾಕೋದು.

ಮಾಳಿಗಿ ಹಿಂಗ: ಕಂಬದ ಮ್ಯಾಲೆ ಬೋದಿಗಿ, ಬೋದಿಗಿ ಮ್ಯಾಲೆ ತೊಲಿ, ತೊಲಿ ಮ್ಯಾಲೆ ಜಂತಿ, ಅದರ ಮ್ಯಾಲೆ ಕಟ್ಟಿಗಿ ಚಕ್ಕಿ, ಬೇವಿನ ಸೊಪ್ಪು, ಆಮೇಲೆ ಮಣ್ಣು. ಕಟ್ಟಕಡೆಗೆ ಕರಲು ಮಣ್ಣು. ಹೊಲದಾಗ ಕರಲು ಇದ್ದರೆ ನಾವು ಅಳತೇವಿ, ನೀರು ಇಂಗೋದೇ ಇಲ್ಲ ಅಂತ. ಮಾಳಿಗಿಗೆ ಬೇಕಾದ ಗುಣ ಅದೇ ಅಲ್ರೀ! ಅದರೊಳಗಿನ ಸೋಡಿಯಂ, ಜಿಗಿಮಣ್ಣಿನ ಕಣ ಬಿಡಿಸಿ ಸಂದಿ ಮುಚ್ಚುತ್ತದೆ. ಹೊಲ ಕೆಡಿಸೋ ಮಣ್ಣೇ ಮನಿ ಕಾಯುತ್ತದೆ. ಹಿರಿಯರು ಪ್ರಯೋಗಶಾಲೆ ಇಲ್ಲದೇ ಇದನ್ನ ಕಂಡುಕೊಂಡಿದ್ದರು.

ಈಗ ಕುಲುಮಿ. ಅದು ಮನಿ ಒಳಗ ಇಲ್ಲ, ಮುಂಭಾಗದ ಬಲಬದಿಗೆ ಪ್ರತ್ಯೇಕ ಅಂಕಣ. ಅಲ್ಲಿ ಕಟ್ಟಿಗಿ ಜಂತಿ ಒಂದೂ ಇಲ್ಲ, ಕಲ್ಲಿನ ಕಂಬದ ಮ್ಯಾಲೆ ಕಲ್ಲಿನ ಚಪ್ಪಡಿ. ಕಿಡಿ ಹಾರಿದರೂ ಹತ್ತಿಕೊಳ್ಳಬಾರದು ಅಂತ. ಎರಡು ಚಪ್ಪಡಿ ಕೂಡೋ ಸಂದಿ ಮ್ಯಾಲೆ ಉದ್ದನೆಯ ಕಲ್ಲಿನ ಪಟ್ಟಿ ಹೊದಿಸಿದ್ದಾರೆ. ಇದೇ ಉಪಾಯ ನಿಮಗ ಐಹೊಳೆಯ ಲಾಡಖಾನ್ ಗುಡಿ ಮಾಡಿನ ಮ್ಯಾಲೂ ಕಾಣುತ್ತದೆ. ಆ ಗುಡಿ ಚಾಲುಕ್ಯರ ಕಾಲದ್ದು. ಕಟ್ಟಿಗಿ ಮನಿ ಕಟ್ಟೋ ರೀತಿಯನ್ನೇ ಕಲ್ಲಿಗೆ ಇಳಿಸಿದ್ದಾರೆ ಅಂತ ತಿಳಿದವರು ಹೇಳ್ತಾರೆ.

ಒಲಿ ಮಾತ್ರ ಮಣ್ಣಿಂದು. ಯಾಕಂದ್ರೆ ಮರಳುಗಲ್ಲು ಹೆಚ್ಚು ಕಾದರೆ ಸಿಡಿಯುತ್ತದೆ. ಹಿಂದಿನ ಗೋಡಿಗೂ ಮಣ್ಣಿನ ದಪ್ಪ ಮೆತ್ತಿಗಿ ಅದ. ತಿದಿ ಊದೋ ತೂತು, ಅಡಿಗಲ್ಲು ಊರಿದ ಕುಣಿ, ಕಾದ ಕಬ್ಬಿಣ ಅದ್ದೋ ಕಲ್ಲಿನ ಬಾನಿ, ಮೂರೂ ಕೈ ಚಾಚಿದರೆ ಸಿಗೋ ಅಂತರದಾಗ ಅದಾವ. ಕಾದ ಕಬ್ಬಿಣ ಕ್ಷಣದಾಗ ಆರುತ್ತದೆ, ನಡೆದು ಹೋಗಾಕ ವೇಳೆ ಇರೋದಿಲ್ಲ. ಜಾಗ ಕತ್ತಲು ಕತ್ತಲು. ಸಣ್ಣವನಿದ್ದಾಗ ಇದು ಬಡತನ ಅಂದುಕೊಂಡಿದ್ದೆ. ಅಲ್ಲ, ಕಮ್ಮಾರ ಕಾವು ಅಳೆಯೋದು ಕೆಂಪಿನ ಬಣ್ಣ ನೋಡಿ. ಬಿಸಿಲಿನಾಗ ಆ ಬಣ್ಣ ಸರಿಯಾಗಿ ಕಾಣೋದಿಲ್ಲ. ನೆಲಕ್ಕ ಹದ ಇದ್ದಂಗ ಕಬ್ಬಿಣಕ್ಕೂ ಹದ ಅದ.

ಮುಂದಿನ ಬಯಲು ಗಾಲಿಗೆ ಹಳಿ ಹಾಕೋ ಜಾಗ. ಐದಡಿ ಎತ್ತರದ ಗಾಲಿಯ ಸುತ್ತಳತಿ 15 ಅಡಿ ಮ್ಯಾಲೆ. ಹಳಿಯನ್ನ ಅದಕ್ಕಿಂತ ತುಸು ಸಣ್ಣದು ಮಾಡಿ, ಕುಳ್ಳಿನ ಬೆಂಕಿಯಾಗ ಸುಮಾರು 500 ಡಿಗ್ರಿ ಕಾಯಿಸಿದರೆ ಒಂದು ಇಂಚಿನಷ್ಟು ಹಿಗ್ಗುತ್ತದೆ. ಗಾಲಿಗೆ ಏರಿಸಿ ನೀರು ಸುರಿದರೆ ಬಿಗಿದು ಕೂಡುತ್ತದೆ.

ಈ ಕಸುಬು ನಮ್ಮ ನಾಡಿನಾಗ ಹೊಸದಲ್ಲ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಾಗ ಸುಮಾರು 3000 ವರ್ಷ ಹಿಂದಿನ ಕಬ್ಬಿಣ ಸಿಕ್ಕದ. ಊರಿನ ಆಯಗಾರರಾಗ ಕಮ್ಮಾರನೂ ಒಬ್ಬ. ವರ್ಷವಿಡೀ ಕುಂಟಿ ಕುಡ, ರಂಟಿ ಕುಳ, ಕುಡಗೋಲು ಹಣಿದು ಕೊಡೋದು, ಸುಗ್ಗಿಗೆ ಕಣದಾಗ ಆಯ ತಗೊಳ್ಳೋದು. ಟ್ರ್ಯಾಕ್ಟರ್ ಬಂತು, ಕುಡ ಅಂಗಡಿಯಾಗ ಸಿಕ್ಕಿತು, ಕಣದಿಂದ ಕಾಳು ಹೋಗೋದು ನಿಂತಿತು. ಮನಿ ಬೀಳಾಕ ಶುರುವಾಗಿದ್ದು ಆಗ, ಈಗಲ್ಲ.

ನನ್ನ ತಪ್ಪೂ ಹೇಳತೇನಿ. ಎಂಟು ವರ್ಷದ ಹಿಂದ ನಮ್ಮ ಮಾಳಿಗಿ ಸೋರತದ ಅಂತ ಮಣ್ಣಿನ ಮ್ಯಾಲೆ ಸಿಮೆಂಟ್ ಬಳಿಸಿದೆ. ಸಿಮೆಂಟ್ ಬಿರಿಯಿತು, ಬಿರುಕಿನಾಗ ಇಳಿದ ನೀರು ಆರಾಕ ದಾರಿ ಇಲ್ಲದೇ ಒಳಗೇ ನಿಂತಿತು. ಮೂರೇ ವರ್ಷದಾಗ ಎರಡು ಜಂತಿ ಕೊಳೆತವು. ಮುಂಗಾರಿನ ಮೊದಲು ನಾಲ್ಕು ಬುಟ್ಟಿ ಕರಲು ಮಣ್ಣು ಹಾಕಿ ತುಳಿಸಿದ್ದರೆ ಮುಗೀತಿತ್ತು.

ಕಮ್ಮಾರರ ಮನಿ ಮಾರಬ್ಯಾಡ್ರಿ ಅನ್ನೋ ಹಕ್ಕು ನನಗಿಲ್ಲ. ಅವರಿಗೂ ರೊಕ್ಕದ ಅಡಚಣಿ ಅದ. ಕುಲುಮಿ ಅಂಕಣದ ಚಪ್ಪಡಿ, ಕಂಬ, ಬಾನಿ ಅಷ್ಟೂ ನಾನೇ ಕೊಳ್ಳತೇನಿ ಅಂದೀನಿ, ಅವರು ಒಪ್ಯಾರ. ಪ್ರತಿ ಕಲ್ಲಿಗೂ ಸುಣ್ಣದಿಂದ ನಂಬರ್ ಬರೆದು, ಹೊಲದ ದಂಡಿಗೆ ಅದೇ ರೀತಿ ನಿಲ್ಲಿಸೋ ವಿಚಾರ. ದನದ ಶೆಡ್ಡು ತಗಡಿಂದೇ ಆಗಲಿ. ರವಿವಾರ ಮುಂಜಾನೆ ನಂಬರ್ ಹಾಕತೇವಿ. ಕಲ್ಲು ಎತ್ತಾಕ ಹಾರಿಗೋಲು ಇದ್ದವರು ತಗೊಂಡು ಬರ್ರಿ, ಹಿರಿಯರನ್ನೂ ಕರಕೊಂಡು ಬರ್ರಿ. ಯಾವ ಕಲ್ಲು ಯಾತಕ್ಕ ಅಂತ ಅವರೇ ಹೇಳಬೇಕು.