ಕಡಲ ಮೇಲಿನ ಕೆಂಪು-ಹಸಿರು ದೀಪಗಳ ಚರಿತ್ರೆ



ಮೈಸೂರಿನಲ್ಲಿ ಕುಳಿತು ಸಮುದ್ರದ ವಿಷಯ ಬರೆಯಹೊರಟಿರುವುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ನಮಗೆ ಪರಿಚಯವಿರುವ ನೀರೆಂದರೆ ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ, ಹೆಚ್ಚೆಂದರೆ ಕನ್ನಂಬಾಡಿ ಕಟ್ಟೆಯ ಹಿನ್ನೀರು. ಆದರೆ ಮೈಸೂರಿಗೂ ಒಂದು ಕಾಲದಲ್ಲಿ ಕಡಲಿತ್ತು ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳಾದ ನೀವು ಮರೆಯಬಾರದು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಅದರೊಂದಿಗೆ ಮಂಗಳೂರು, ಹೊನ್ನಾವರದಂತಹ ರೇವುಗಳೂ ಅವನ ಕೈಸೇರಿದವು. ಅವನು ಕಟ್ಟಿಸಿದ ಹಡಗುಗಳನ್ನು 1780ರಲ್ಲಿ ಮಂಗಳೂರಿನ ಬಂದರಿನಲ್ಲಿಯೇ ಇಂಗ್ಲಿಷ್ ನೌಕಾಪಡೆ ನಾಶಮಾಡಿತು. ಅಷ್ಟಾದರೂ ಟಿಪ್ಪು ಸುಲ್ತಾನ್ 1796ರಲ್ಲಿ 22 ದೊಡ್ಡ ಯುದ್ಧನೌಕೆಗಳನ್ನೂ 20 ಫ್ರಿಗೇಟ್‌ಗಳನ್ನೂ ಕಟ್ಟಿಸುವ ಆಜ್ಞೆ ಹೊರಡಿಸಿದನು. ಮಂಗಳೂರು, ಮಿರ್ಜಾನ್ ಮತ್ತು ಸದಾಶಿವಗಡಗಳ ಬಳಿ ಹಡಗುಕಟ್ಟೆಗಳನ್ನು ನಿಯೋಜಿಸಿದನು. ಮೂರೇ ವರ್ಷಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಕರಾವಳಿ ಕಂಪನಿಯ ಪಾಲಾಯಿತು. 1799ರಿಂದ 1956ರ ನವೆಂಬರ್ 1ರವರೆಗೆ, ಅಂದರೆ 157 ವರ್ಷಗಳ ಕಾಲ, ಮೈಸೂರಿಗೆ ಸಮುದ್ರವೇ ಇರಲಿಲ್ಲ. ಸಮುದ್ರದ ಮಾತು ನಮಗೆ ಅಪರಿಚಿತವಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಟಿಪ್ಪುವಿನ ಈ ನೌಕಾಯೋಜನೆಯನ್ನು ಪಾಠ ಮಾಡುವಾಗ ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸರ್, ರಾತ್ರಿ ಹೊತ್ತು ಹಡಗಿಗೆ ಬಸ್ಸಿನ ಹಾಗೆ ಹೆಡ್‌ಲೈಟ್ ಇರುತ್ತದೆಯೇ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ಆದರೆ ಅದು ಬಹಳ ಒಳ್ಳೆಯ ಪ್ರಶ್ನೆ. ಬಸ್ಸಿನ ದೀಪ ಚಾಲಕನಿಗೆ ದಾರಿ ತೋರಿಸುತ್ತದೆ. ಸಮುದ್ರದಲ್ಲಿ ಬೆಳಗಿ ನೋಡುವುದಕ್ಕೆ ದಾರಿಯೇ ಇಲ್ಲ. ಅಲ್ಲಿ ಹಡಗು ದೀಪ ಹೊತ್ತಿಸುವುದು ತಾನು ನೋಡುವುದಕ್ಕಲ್ಲ, ಬೇರೆಯವರು ತನ್ನನ್ನು ನೋಡಲೆಂದು. "ನಾನು ಇಲ್ಲಿದ್ದೇನೆ, ಇಂಥ ಕಡೆಗೆ ಹೋಗುತ್ತಿದ್ದೇನೆ" ಎಂದು ಕತ್ತಲಿನಲ್ಲಿ ಹೇಳುವ ಮಾತು ಅದು. ಅಂದು ಹುಡುಗರಿಗೆ ಎರಡು ವಾಕ್ಯಗಳಲ್ಲಿ ಹೇಳಿ ಮುಗಿಸಿದ್ದನ್ನು ಇಂದು ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಹೈದರ್-ಟಿಪ್ಪು ಕಾಲದ ಹಾಯಿಹಡಗುಗಳಲ್ಲಿ ಲಾಂದ್ರಗಳು ಇರಲಿಲ್ಲವೆಂದಲ್ಲ. ಆದರೆ ಯಾವ ದೀಪವನ್ನು ಎಲ್ಲಿ, ಯಾವ ಬಣ್ಣದಲ್ಲಿ ಇಡಬೇಕೆಂಬ ಸರ್ವಸಮ್ಮತವಾದ ನಿಯಮ ಪ್ರಪಂಚದಲ್ಲಿ ಎಲ್ಲಿಯೂ ಇರಲಿಲ್ಲ. ದೂರದಲ್ಲಿ ಒಂದು ಬಿಳಿಯ ಬೆಳಕು ಕಂಡರೆ ಅಲ್ಲೊಂದು ಹಡಗಿದೆಯೆಂದು ಮಾತ್ರ ತಿಳಿಯುತ್ತಿತ್ತು. ಅದು ನಮ್ಮ ಕಡೆಗೆ ಬರುತ್ತಿದೆಯೋ, ದೂರ ಸರಿಯುತ್ತಿದೆಯೋ, ಲಂಗರು ಹಾಕಿ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಗಾಳಿಯನ್ನು ನಂಬಿ ನಿಧಾನವಾಗಿ ಸಾಗುತ್ತಿದ್ದ ಕಾಲದಲ್ಲಿ ಈ ಕೊರತೆ ಹೇಗೋ ನಡೆದುಹೋಯಿತು. ಉಗಿಹಡಗು ಬಂದಮೇಲೆ ನಡೆಯಲಿಲ್ಲ. ಉಗಿಹಡಗಿಗೆ ಗಾಳಿಯ ಹಂಗಿಲ್ಲ. ಯಾವ ದಿಕ್ಕಿನಿಂದ ಬೇಕಾದರೂ, ಹೆಚ್ಚಿನ ವೇಗದಲ್ಲಿ, ಎದುರಾಗಬಹುದು. 1825ರ ಅಕ್ಟೋಬರ್ 21ರಂದು ಸ್ಕಾಟ್ಲೆಂಡಿನ ಗೌರಾಕ್ ಬಳಿ ಕಾಮೆಟ್ ಮತ್ತು ಏರ್ ಎಂಬ ಎರಡು ಉಗಿದೋಣಿಗಳು ಡಿಕ್ಕಿಯಾದಾಗ ಕಾಮೆಟ್ ಕೆಲವೇ ನಿಮಿಷಗಳಲ್ಲಿ ಮುಳುಗಿ ಅರವತ್ತಕ್ಕೂ ಹೆಚ್ಚು ಮಂದಿ ಸತ್ತರು.

ಅಲ್ಲಿಂದ ಕಾನೂನು ರೂಪುಗೊಳ್ಳಲು ಎರಡು ದಶಕಗಳೇ ಹಿಡಿದವು. ಬ್ರಿಟನ್ನಿನಲ್ಲಿ 1846ರ ಶಾಸನದ ಬಲದಿಂದ 1848ರಲ್ಲಿ ಉಗಿಹಡಗುಗಳಿಗೆ ಮೂರು ದೀಪಗಳನ್ನು ವಿಧಿಸಲಾಯಿತು: ಎತ್ತರದ ಕಂಬದ ಮೇಲೆ ಬಿಳಿ, ಎಡಮಗ್ಗುಲಿಗೆ ಕೆಂಪು, ಬಲಮಗ್ಗುಲಿಗೆ ಹಸಿರು. 1858ರಲ್ಲಿ ಹಾಯಿಹಡಗುಗಳಿಗೂ ಪಕ್ಕದ ಬಣ್ಣದ ದೀಪಗಳು ಕಡ್ಡಾಯವಾದವು. 1863ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ರೂಪಿಸಿದ ನಿಯಮಾವಳಿಯನ್ನು ಮರುವರ್ಷದ ಕೊನೆಯ ವೇಳೆಗೆ ಮೂವತ್ತಕ್ಕೂ ಹೆಚ್ಚು ದೇಶಗಳು ಒಪ್ಪಿಕೊಂಡವು. 1889ರ ವಾಷಿಂಗ್ಟನ್ ಸಮ್ಮೇಳನದಲ್ಲಿ ಅದು ಇನ್ನಷ್ಟು ಪರಿಷ್ಕಾರಗೊಂಡಿತು. ಇಂದು ಜಾರಿಯಲ್ಲಿರುವುದು 1972ರಲ್ಲಿ ಲಂಡನ್ನಿನಲ್ಲಿ ಅಂಗೀಕೃತವಾಗಿ 1977ರ ಜುಲೈ 15ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಾವಳಿ. ಭಾರತವೂ ಅದಕ್ಕೆ ಬದ್ಧವಾಗಿದೆ. ಯುದ್ಧ ಮಾಡುತ್ತಿದ್ದ ದೇಶಗಳೂ ಒಂದೇ ಬಣ್ಣದ ಭಾಷೆಯನ್ನು ಒಪ್ಪಿಕೊಂಡವೆಂಬುದು ಮಾನವ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ.

ಈ ಭಾಷೆಯ ವ್ಯಾಕರಣ ಎಷ್ಟು ಸರಳವೆಂಬುದನ್ನು ನೋಡಿ. ಕೆಂಪು ಮತ್ತು ಹಸಿರು ದೀಪಗಳು ನೇರ ಮುಂದಿನಿಂದ ತಮ್ಮ ತಮ್ಮ ಪಕ್ಕಕ್ಕೆ 112.5 ಡಿಗ್ರಿಗಳವರೆಗೆ ಮಾತ್ರ ಕಾಣುವಂತೆ ಮರೆ ಕಟ್ಟಿರುತ್ತಾರೆ. ಹಿಂಭಾಗದ ಉಳಿದ 135 ಡಿಗ್ರಿಗಳಲ್ಲಿ ಒಂದು ಬಿಳಿಯ ದೀಪ ಕಾಣುತ್ತದೆ. ಮೂರನ್ನೂ ಕೂಡಿಸಿದರೆ 360 ಡಿಗ್ರಿಗಳ ಪೂರ್ಣವೃತ್ತ. ಆದ್ದರಿಂದ ಎದುರಿನ ಹಡಗಿನ ಕೆಂಪು ಮತ್ತು ಹಸಿರು ಎರಡೂ ಒಟ್ಟಿಗೆ ಕಂಡರೆ ಅದು ನೇರವಾಗಿ ನಮ್ಮ ಮೇಲೆಯೇ ಬರುತ್ತಿದೆಯೆಂದು ಅರ್ಥ. ಆಗ ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಗಬೇಕು. ಬರಿಯ ಬಿಳಿ ಕಂಡರೆ ನಾವು ಅದರ ಬೆನ್ನ ಹಿಂದಿದ್ದೇವೆ. ದಾಟಿಹೋಗುವ ನಾವೇ ದೂರ ಸರಿಯಬೇಕು. ಯಂತ್ರದ ಹಡಗೊಂದು ನಮ್ಮ ಬಲಗಡೆಯಿಂದ ಅಡ್ಡ ಬರುತ್ತಿದ್ದರೆ ನಮಗೆ ಅದರ ಎಡಮಗ್ಗುಲಿನ ಕೆಂಪು ಕಾಣುತ್ತದೆ. ದಾರಿ ಬಿಡಬೇಕಾದವರು ನಾವು. ಅದೇ ಕ್ಷಣದಲ್ಲಿ ಅವರಿಗೆ ನಮ್ಮ ಬಲಮಗ್ಗುಲಿನ ಹಸಿರು ಕಾಣುತ್ತದೆ. ಅವರು ತಮ್ಮ ದಾರಿಯಲ್ಲಿಯೇ ಮುಂದುವರಿಯಬಹುದು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗದ ಎರಡು ದೇಶಗಳ ನಾವಿಕರ ನಡುವೆಯೂ ಹೀಗೆ ಒಂದು ತೀರ್ಮಾನ ಮೌನವಾಗಿ ನಡೆದುಹೋಗುತ್ತದೆ.

ದೀಪವಿದ್ದರೆ ಸಾಲದು, ಅದರ ಅರ್ಥದಲ್ಲಿ ಒಮ್ಮತವೂ ಇರಬೇಕು. 1878ರ ಸೆಪ್ಟೆಂಬರ್ 3ರ ಸಂಜೆ ಲಂಡನ್ನಿನ ಥೇಮ್ಸ್ ನದಿಯಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ವಿಹಾರದ ಹಡಗು, ಬೈವೆಲ್ ಕ್ಯಾಸಲ್ ಎಂಬ ಸರಕಿನ ಹಡಗಿಗೆ ಸಿಕ್ಕಿ ಮುಳುಗಿದಾಗ ಆರುನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಯಾವ ಪಕ್ಕದಿಂದ ದಾಟಬೇಕೆಂಬ ವಿಷಯದಲ್ಲಿ ಎರಡೂ ಹಡಗುಗಳ ಲೆಕ್ಕಾಚಾರ ಬೇರೆಬೇರೆಯಾಗಿತ್ತು.

ಇನ್ನು ನಮ್ಮ ಕರಾವಳಿಗೆ ಬರೋಣ. ರಂಪಣಿ ಬಲೆಯನ್ನು ದಡದಿಂದಲೇ ಎಳೆಯುತ್ತಿದ್ದ ಕಾಲದಲ್ಲಿ ಮೀನುಗಾರನಿಗೂ ದೊಡ್ಡ ಹಡಗಿಗೂ ಭೇಟಿಯಾಗುವ ಪ್ರಸಂಗವೇ ಕಡಿಮೆ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭದಂತಹವು ದಡ ಎಲ್ಲಿದೆಯೆಂದು ತೋರಿಸಿದರೆ ಬಹುಮಟ್ಟಿಗೆ ಸಾಕಾಗಿತ್ತು. ಯಾಂತ್ರಿಕ ಬೋಟುಗಳು ಬಂದು, ಮಲ್ಪೆ, ಮಂಗಳೂರು ಬಂದರುಗಳಿಂದ ಆಳಸಮುದ್ರಕ್ಕೆ ಹೊರಟ ಬೋಟುಗಳು ಹತ್ತಾರು ದಿನ ಅಲ್ಲಿಯೇ ಉಳಿಯತೊಡಗಿದ ಮೇಲೆ ಸ್ಥಿತಿ ಬದಲಾಯಿತು. ದೀಪಸ್ತಂಭ ಕಾಣದ ದೂರದಲ್ಲಿ, ದೊಡ್ಡ ಸರಕುಹಡಗುಗಳು ಓಡಾಡುವ ದಾರಿಯಲ್ಲಿಯೇ ಅವರು ಬಲೆ ಎಳೆಯುತ್ತಾರೆ, ಅಲ್ಲಿಯೇ ರಾತ್ರಿ ಮಲಗುತ್ತಾರೆ.

2018ರ ಡಿಸೆಂಬರ್ 13ರಂದು ಏಳು ಮಂದಿಯೊಡನೆ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಬೋಟು ಎರಡು ದಿನಗಳ ಬಳಿಕ ಸಂಪರ್ಕ ಕಳೆದುಕೊಂಡಿತು. ಡಿಕ್ಕಿಯ ಸಂಶಯ ಹಬ್ಬಿ, 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಬೀದಿಗಿಳಿದರು. ಆ ವರ್ಷದ ಮೇ ತಿಂಗಳಿನಲ್ಲಿ ಮಹಾರಾಷ್ಟ್ರದ ಮಾಲ್ವಣ್ ಬಳಿಯ ಕಡಲತಳದಲ್ಲಿ ಅದರ ಅವಶೇಷ ನೌಕಾಪಡೆಗೆ ದೊರೆಯಿತು. ಆ ಏಳು ಮಂದಿ ಮರಳಲಿಲ್ಲ. 2021ರ ಏಪ್ರಿಲ್ 13ರ ನಸುಕಿನಲ್ಲಿ, ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲು ದೂರದಲ್ಲಿ, ಕೇರಳದ ಬೇಪೂರಿನಿಂದ ಬಂದಿದ್ದ ರಬಾಹ್ ಎಂಬ ಮೀನುಗಾರಿಕೆಯ ಬೋಟಿಗೂ ಸಿಂಗಾಪುರದ ಕಂಟೇನರ್ ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದವರು 14 ಮಂದಿ, ತಮಿಳುನಾಡಿನವರು ಮತ್ತು ಬಂಗಾಳದ ಕಡೆಯವರು. ಬದುಕಿ ಬಂದವರು ಇಬ್ಬರು. ಈ ಎರಡು ದುರಂತಗಳಲ್ಲಿ ತಪ್ಪು ಯಾರದೆಂದು ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ರಾತ್ರಿಯ ಕಡಲಿನಲ್ಲಿ ಸಣ್ಣ ಬೋಟಿನ ಪ್ರಾಣ ಎಷ್ಟು ತೆಳುವಾದ ಎಳೆಗೆ ಜೋತುಬಿದ್ದಿದೆಯೆಂಬುದನ್ನು ಮಾತ್ರ ಹೇಳಬಯಸುತ್ತೇನೆ.

ಒಂದು ಲೆಕ್ಕ ಮಾಡಿ ನೋಡೋಣ. 12 ಮೀಟರಿಗಿಂತ ಚಿಕ್ಕದಾದ ಬೋಟಿನ ಪಕ್ಕದ ದೀಪ ಕನಿಷ್ಠ ಒಂದು ನಾಟಿಕಲ್ ಮೈಲು ದೂರದಿಂದ, ಅದಕ್ಕಿಂತ ದೊಡ್ಡದಾಗಿ 50 ಮೀಟರಿನೊಳಗಿರುವ ಬೋಟಿನದು ಎರಡು ಮೈಲು ದೂರದಿಂದ ಕಾಣಬೇಕೆಂದು ನಿಯಮವಿದೆ. ಗಂಟೆಗೆ 20 ನಾಟಿಕಲ್ ಮೈಲು ವೇಗದಲ್ಲಿ ಬರುವ ಹಡಗು ಒಂದು ಮೈಲನ್ನು ಮೂರೇ ನಿಮಿಷಗಳಲ್ಲಿ ಕ್ರಮಿಸುತ್ತದೆ. ಅಂದರೆ ದೀಪ ಸರಿಯಾಗಿ ಉರಿಯುತ್ತಿದ್ದರೂ ಸಿಗುವ ಕಾಲಾವಕಾಶ ಮೂರರಿಂದ ಆರು ನಿಮಿಷ! ಅಷ್ಟರಲ್ಲಿ ಕಾವಲಿನವನು ನೋಡಬೇಕು, ಅರ್ಥಮಾಡಿಕೊಳ್ಳಬೇಕು, ಬಸ್ಸಿನಂತೆ ತಟ್ಟನೆ ನಿಲ್ಲದ ಆ ಭಾರೀ ಹಡಗನ್ನು ತಿರುಗಿಸಬೇಕು. ಸಾಲದ್ದಕ್ಕೆ, ದೊಡ್ಡ ಹಡಗಿನ ಮೂತಿಯ ಮುಂದೆ 500 ಮೀಟರುಗಳವರೆಗಿನ ನೀರು ಮೇಲಿನ ಕೊಠಡಿಯಲ್ಲಿರುವವನಿಗೆ ಮರೆಯಾಗಿರುವುದಕ್ಕೆ ನಿಯಮದಲ್ಲಿಯೇ ಅವಕಾಶವಿದೆ. ಬೋಟು ಆ ಮರೆಯೊಳಗೆ ಬಂದಮೇಲೆ ದೀಪ ಹಚ್ಚಿದರೆ ಪ್ರಯೋಜನವಿಲ್ಲ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಮಂಜು ಮಳೆಗಳಲ್ಲಿ ಹಗಲಿನಲ್ಲಿಯೂ, ದೀಪ ಉರಿಯುತ್ತಲೇ ಇರಬೇಕೆಂದು ವಿಧಿಸಿರುವುದು ಇದಕ್ಕಾಗಿ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬಲೆ ಬಿಟ್ಟು ಮೀನು ಹಿಡಿಯುತ್ತಿರುವ ಬೋಟು ಬೇಕೆಂದಾಗ ಪಕ್ಕಕ್ಕೆ ಸರಿಯಲಾರದು. ಆದುದರಿಂದ ಯಂತ್ರದ ಹಡಗು ಎಷ್ಟೇ ದೊಡ್ಡದಿದ್ದರೂ ಅದಕ್ಕೆ ದಾರಿ ಬಿಡಬೇಕೆಂಬುದು ನಿಯಮ. ಆದರೆ ಬೋಟು ತನ್ನ ಸ್ಥಿತಿಯನ್ನು ದೀಪದಿಂದ ಸಾರಬೇಕು: ಟ್ರಾಲ್ ಬಲೆ ಎಳೆಯುತ್ತಿದ್ದರೆ ಬಿಳಿಯ ಮೇಲೆ ಹಸಿರು, ಬೇರೆ ವಿಧದ ಬಲೆಯಾದರೆ ಬಿಳಿಯ ಮೇಲೆ ಕೆಂಪು. ಕಾನೂನು ಬಡವನ ಪರವಾಗಿರುವ ಅಪರೂಪದ ಸನ್ನಿವೇಶವಿದು. ಆದರೆ ಆ ಹಕ್ಕು ಎರಡು ಬಲ್ಬುಗಳಿಂದ ಮಾತ್ರ ಸಿದ್ಧಿಸುತ್ತದೆ. ಬಲ್ಬು ಸುಟ್ಟುಹೋದ ರಾತ್ರಿ ಹಕ್ಕೂ ಕತ್ತಲಲ್ಲಿ ಕರಗಿಹೋಗುತ್ತದೆ.

ಬೆಳಕು ಕಡಿಮೆಯಾದರೆ ಅಪಾಯವಿರುವಂತೆ ಹೆಚ್ಚಾದರೂ ಅಪಾಯವೇ. ಪ್ರಖರವಾದ ದೀಪ ಹಾಕಿ ಮೀನುಗಳನ್ನು ಸೆಳೆದು ಹಿಡಿಯುವ ಪದ್ಧತಿಯನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ನಿಷೇಧ ಮತ್ಸ್ಯಸಂಪತ್ತಿನ ರಕ್ಷಣೆಗಾಗಿ. ನಾಡದೋಣಿಯವರಿಗೂ ದೊಡ್ಡ ಬೋಟಿನವರಿಗೂ ಈ ವಿಷಯದಲ್ಲಿ ನಡೆದ ಜಗಳಗಳನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಆದರೆ ನಾವಿಕನ ದೃಷ್ಟಿಯಿಂದಲೂ ಕಣ್ಣು ಕೋರೈಸುವ ಬೆಳಕು ಕೆಡುಕೇ. ಅದರ ಮುಂದೆ ಸಣ್ಣ ಕೆಂಪು, ಸಣ್ಣ ಹಸಿರು ಕಾಣದೆಹೋಗುತ್ತವೆ. ಬೋಟು ಇದೆಯೆಂದು ತಿಳಿಯುತ್ತದೆ, ಯಾವ ಕಡೆಗೆ ಮುಖಮಾಡಿದೆಯೆಂದು ತಿಳಿಯುವುದಿಲ್ಲ. 1825ರ ಸ್ಥಿತಿಗೇ ಮರಳಿದಂತೆ. ಅದಕ್ಕಾಗಿಯೇ ಸಂಚಾರದ ದೀಪಗಳನ್ನು ಮರೆಮಾಡುವ, ಅವುಗಳೆಂದು ಭ್ರಮೆ ಹುಟ್ಟಿಸುವ ಬೇರೆ ಬೆಳಕುಗಳನ್ನು ನಿಯಮಾವಳಿ ಒಪ್ಪುವುದಿಲ್ಲ.

ನಮ್ಮ ಒಳನಾಡಿನವರಿಗೂ ಇದರಲ್ಲಿ ಪಾಠವಿದೆ. ಏಳು ಮೀಟರಿಗಿಂತ ಚಿಕ್ಕದಾದ, ಹುಟ್ಟುಹಾಕುವ ದೋಣಿಗೆ ಬಣ್ಣದ ದೀಪಗಳ ಕಡ್ಡಾಯವಿಲ್ಲ. ಆದರೆ ಒಂದು ಟಾರ್ಚ್ ಅಥವಾ ಲಾಂದ್ರ ಕೈಗೆಟುಕುವಂತಿರಬೇಕು, ಡಿಕ್ಕಿ ತಪ್ಪಿಸಲು ಸಾಕಷ್ಟು ಮುಂಚೆ ಅದನ್ನು ತೋರಿಸಬೇಕು ಎಂದು ಕಡಲಿನ ನಿಯಮ ಹೇಳುತ್ತದೆ. ಹಿನ್ನೀರಿನಲ್ಲಿ ಮೊಬೈಲ್ ಬೆಳಕನ್ನು ನಂಬಿ ಮುಸ್ಸಂಜೆಯ ವಿಹಾರಕ್ಕೆ ಹೊರಡುವ ನಮ್ಮ ಮಕ್ಕಳು ಮೊಮ್ಮಕ್ಕಳು ಇಷ್ಟನ್ನಾದರೂ ನೆನಪಿಡಲಿ. ದೋಣಿ ಹತ್ತುವ ಮುನ್ನ ಲೈಫ್ ಜಾಕೆಟ್ ಕೇಳುವಂತೆ "ದೀಪ ಎಲ್ಲಿದೆ?" ಎಂದೂ ಕೇಳಲಿ.

ಸಮುದ್ರ ನೋಡಲಾಗದವರು ರಾತ್ರಿ ನಮ್ಮ ಊರಿನ ಆಕಾಶದಲ್ಲಿ ಹಾದುಹೋಗುವ ವಿಮಾನವನ್ನು ಗಮನಿಸಿ. ಎಡರೆಕ್ಕೆಯ ತುದಿಯಲ್ಲಿ ಕೆಂಪು, ಬಲರೆಕ್ಕೆಯ ತುದಿಯಲ್ಲಿ ಹಸಿರು. 1848ರಲ್ಲಿ ನಾವಿಕರು ಕಲಿತ ಭಾಷೆಯನ್ನೇ ವೈಮಾನಿಕರೂ ಕೈಗೊಂಡಿದ್ದಾರೆ. ಆ ಭಾಷೆಯ ಒಂದೊಂದು ಅಕ್ಷರದ ಹಿಂದೆಯೂ ಮುಳುಗಿಹೋದವರ ಋಣವಿದೆ. ಮಲ್ಪೆಯಿಂದಲೋ ಬೇಪೂರಿನಿಂದಲೋ ಕಡಲಿಗಿಳಿಯುವ ಬೋಟಿನ ಮೇಲೆ ಪ್ರತಿ ಸಂಜೆ ಆ ಎರಡು ಪುಟ್ಟ ದೀಪಗಳು ತಪ್ಪದೆ ಹೊತ್ತಿಕೊಂಡರೆ ಆ ಋಣದಲ್ಲಿ ಸ್ವಲ್ಪವಾದರೂ ತೀರುತ್ತದೆ.